ಗ್ರಾಫಿಕ್ಸ್ ಕಾರ್ಡುಗಳ ಪೈಪೋಟಿ: ಒಂದು ಪರದೆ ಕಲಿಸುವ ಪಾಠ



ಇತಿಹಾಸವೆಂದರೆ ರಾಜಮನೆತನಗಳ ಮತ್ತು ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡುವುದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ನಮ್ಮ ಮೇಜಿನ ಮೇಲಿರುವ ಯಂತ್ರಗಳಿಗೂ ಇತಿಹಾಸವಿದೆ. ಅದನ್ನು ಅರಿತವನು ಅಂಗಡಿಯಲ್ಲಿ ಮೋಸಹೋಗುವುದು ಕಡಿಮೆ.

"ಸರ್, ಗೇಮ್ ಆಡಲು ಎನ್‌ವಿಡಿಯಾ ಕಾರ್ಡ್ ಒಳ್ಳೆಯದೋ, ಎಎಂಡಿ ಕಾರ್ಡೋ? ಮಾನಿಟರಿನಲ್ಲಿ ಜಿ-ಸಿಂಕ್ ಇರಬೇಕೋ, ಫ್ರೀಸಿಂಕ್ ಸಾಕೋ?" ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಈ ಪ್ರಶ್ನೆಯ ಹಿಂದೆ ಎಷ್ಟೋ ಸಲ ಒಬ್ಬ ತಂದೆಯ ಹಲವು ತಿಂಗಳ ಉಳಿತಾಯವಿರುತ್ತದೆ. ಹಾಗಾಗಿ ಇದನ್ನು ಆಟದ ಮಾತೆಂದು ತಳ್ಳಿಹಾಕುವಂತಿಲ್ಲ.

ಪೈಪೋಟಿಯ ಆರಂಭ

1985ರಲ್ಲಿ ಕೆನಡಾದಲ್ಲಿ ಎಟಿಐ ಕಂಪನಿ ಸ್ಥಾಪನೆಯಾಯಿತು. 1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೆನ್ಸನ್ ಹುವಾಂಗ್, ಕ್ರಿಸ್ ಮಲಚೋವ್ಸ್ಕಿ ಮತ್ತು ಕರ್ಟಿಸ್ ಪ್ರೀಮ್ ಎಂಬ ಮೂವರು ಎನ್‌ವಿಡಿಯಾವನ್ನು ಆರಂಭಿಸಿದರು. ಆದರೆ ಆ ಕಾಲದ ಗೇಮ್ ಪ್ರಿಯರ ಬಾಯಲ್ಲಿದ್ದ ಹೆಸರು ಇವೆರಡೂ ಅಲ್ಲ. ಅದು 1996ರಲ್ಲಿ ಬಂದ 'ವೂಡೂ' ಕಾರ್ಡ್. ಅದನ್ನು ತಯಾರಿಸಿದ್ದು ತ್ರೀಡಿಎಫ್‌ಎಕ್ಸ್ ಎಂಬ ಕಂಪನಿ.

ತ್ರೀಡಿಎಫ್‌ಎಕ್ಸ್ 'ಗ್ಲೈಡ್' ಎಂಬ ತನ್ನದೇ ತಂತ್ರಾಂಶ ವಿಧಾನವನ್ನು ರೂಪಿಸಿತ್ತು. ಗ್ಲೈಡ್‌ಗಾಗಿ ಬರೆದ ಗೇಮ್‌ನ ಪೂರ್ಣ ಸೊಗಸು ಕಾಣಬೇಕಾದರೆ ವೂಡೂ ಕಾರ್ಡನ್ನೇ ಕೊಳ್ಳಬೇಕಿತ್ತು. ಆದರೆ ಡೈರೆಕ್ಟ್ ತ್ರೀಡಿ, ಓಪನ್ ಜಿಎಲ್ ಎಂಬ, ಹಲವು ಕಂಪನಿಗಳ ಕಾರ್ಡುಗಳಲ್ಲಿ ನಡೆಯುವ ವಿಧಾನಗಳು ಬಲಗೊಂಡಂತೆ ಗ್ಲೈಡ್ ಹಿಂದೆ ಬಿತ್ತು. 1999ರಲ್ಲಿ ಎನ್‌ವಿಡಿಯಾದ ಜಿಫೋರ್ಸ್ 256 ಬಂತು. 2000ದ ಡಿಸೆಂಬರಿನಲ್ಲಿ ತ್ರೀಡಿಎಫ್‌ಎಕ್ಸ್ ತನ್ನ ಸ್ವತ್ತನ್ನು ಅದೇ ಎನ್‌ವಿಡಿಯಾಗೆ ಮಾರಲು ಒಪ್ಪಿತು. ದುಬಾರಿ ಬೆಲೆ ಕೊಟ್ಟು ವೂಡೂ ಕೊಂಡವರ ಕೈಯಲ್ಲಿ ಉಳಿದದ್ದು ತಯಾರಕನೇ ಇಲ್ಲದ ಕಾರ್ಡ್. ಈ ಘಟನೆಯನ್ನು ನೆನಪಿಡಿ; ಮುಂದಿನ ಕಥೆಗೆ ಇದೇ ಕೀಲಿಕೈ.

ಅತ್ತ ಎಟಿಐ 2000ದಲ್ಲಿ ರೇಡಿಯಾನ್ ಕಾರ್ಡುಗಳನ್ನು ತಂದಿತು. 2006ರಲ್ಲಿ ಎಎಂಡಿ ಸುಮಾರು 540 ಕೋಟಿ ಡಾಲರಿಗೆ ಎಟಿಐಯನ್ನು ಕೊಂಡುಕೊಂಡಿತು. ಅಲ್ಲಿಂದ ಎನ್‌ವಿಡಿಯಾ ಮತ್ತು ಎಎಂಡಿ ಎದುರುಬದುರಾದವು.

ಹರಿದ ಚಿತ್ರದ ಸಮಸ್ಯೆ

ತರಗತಿಯ ಉಕ್ತಲೇಖನವನ್ನು ನೆನಪಿಸಿಕೊಳ್ಳಿ. ಶಿಕ್ಷಕರು ಸುಲಭ ವಾಕ್ಯವನ್ನು ಬೇಗ ಹೇಳುತ್ತಾರೆ, ಕಠಿಣ ವಾಕ್ಯವನ್ನು ನಿಧಾನವಾಗಿ ಹೇಳುತ್ತಾರೆ. ವಿದ್ಯಾರ್ಥಿಯು ಅದನ್ನು ಲೆಕ್ಕಿಸದೆ ಗಡಿಯಾರ ನೋಡಿಕೊಂಡು ಪುಟ ತಿರುಗಿಸಿದರೆ ಏನಾದೀತು? ಅರ್ಧ ವಾಕ್ಯ ಹಿಂದಿನ ಪುಟದಲ್ಲಿ, ಅರ್ಧ ಮುಂದಿನದರಲ್ಲಿ!

ಪರದೆಯ ಮೇಲೆ ನಡೆಯುವುದೂ ಇದೇ. ಸಾಮಾನ್ಯ ಮಾನಿಟರ್ ಸೆಕೆಂಡಿಗೆ 60 ಸಲ ಚಿತ್ರವನ್ನು ಹೊಸದಾಗಿ ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡಾದರೋ ದೃಶ್ಯ ಸರಳವಾಗಿದ್ದಾಗ ಹೆಚ್ಚು, ಜಟಿಲವಾದಾಗ ಕಡಿಮೆ ಚಿತ್ರಗಳನ್ನು ರಚಿಸುತ್ತದೆ. ಎರಡರ ಲಯ ತಪ್ಪಿದಾಗ ಚಿತ್ರ ನಡುವೆ ಹರಿದಂತೆ ಕಾಣುತ್ತದೆ. 'ವಿ-ಸಿಂಕ್' ಎಂಬ ಹಳೆಯ ಉಪಾಯದಲ್ಲಿ ಕಾರ್ಡ್ ಮಾನಿಟರಿಗಾಗಿ ಕಾಯಬೇಕು. ಆಗ ಚಿತ್ರ ಹರಿಯದು, ಆದರೆ ಆಟ ತಡವರಿಸುತ್ತದೆ. ಮಾನಿಟರೇ ಕಾರ್ಡಿನ ವೇಗವನ್ನು ಅನುಸರಿಸಲಿ ಎಂಬುದೇ ಅಡಾಪ್ಟಿವ್ ಸಿಂಕ್‌ನ ತತ್ವ.

ಎರಡು ದಾರಿಗಳು

2013ರ ಅಕ್ಟೋಬರಿನಲ್ಲಿ ಎನ್‌ವಿಡಿಯಾ ಜಿ-ಸಿಂಕನ್ನು ಪ್ರಕಟಿಸಿತು. ತಂತ್ರ ಉತ್ತಮವಾಗಿತ್ತು, ಆದರೆ ಮಾನಿಟರಿನೊಳಗೆ ಎನ್‌ವಿಡಿಯಾದ್ದೇ ಪ್ರತ್ಯೇಕ ಸರ್ಕ್ಯೂಟ್ ಇರಬೇಕಿತ್ತು. ಅದರಿಂದ ಬೆಲೆ ಏರಿತು. ಮೇಲಾಗಿ ಕಾರ್ಡೂ ಅದೇ ಕಂಪನಿಯದಾಗಿರಬೇಕಿತ್ತು. 2014ರ ಜನವರಿಯಲ್ಲಿ ಎಎಂಡಿ ಫ್ರೀಸಿಂಕನ್ನು ಪ್ರದರ್ಶಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ, ಪರದೆಗಳ ಮಾನಕಗಳನ್ನು ನಿರ್ಧರಿಸುವ ವೆಸಾ ಸಂಸ್ಥೆ ಅಡಾಪ್ಟಿವ್ ಸಿಂಕನ್ನು ಡಿಸ್‌ಪ್ಲೇಪೋರ್ಟ್ ಮಾನಕಕ್ಕೆ ಸೇರಿಸಿತು. ಇನ್ನು ಯಾವ ತಯಾರಕನೂ ಇದನ್ನು ಅಳವಡಿಸಬಹುದಿತ್ತು.

ಮುಂದಿನ ಕೆಲವು ವರ್ಷ ಗ್ರಾಹಕನದು ಇಕ್ಕಟ್ಟಿನ ಸ್ಥಿತಿ. ಮಾನಿಟರ್ ಆರಿಸಿದರೆ ಕಾರ್ಡನ್ನೂ ಆರಿಸಿದಂತೆಯೇ. ಆದರೆ 2019ರ ಜನವರಿಯಲ್ಲಿ ಎನ್‌ವಿಡಿಯಾ ತನ್ನ ಕಾರ್ಡುಗಳೂ ಅಡಾಪ್ಟಿವ್ ಸಿಂಕ್ ಮಾನಿಟರುಗಳೊಡನೆ ಕೆಲಸ ಮಾಡುವಂತೆ ಬಾಗಿಲು ತೆರೆಯಿತು. ಆಗ ಅದು ಪರೀಕ್ಷಿಸಿದ 400 ಮಾನಿಟರುಗಳಲ್ಲಿ 12 ಮಾತ್ರ ತನ್ನ ಅಳತೆಗೆ ಹೊಂದಿವೆ ಎಂದಿತು. ಆದರೂ ಉಳಿದವುಗಳಲ್ಲಿ ಬಳಕೆದಾರ ತಾನೇ ಈ ಸೌಲಭ್ಯವನ್ನು ಚಾಲನೆಗೊಳಿಸಲು ಅವಕಾಶ ಕೊಟ್ಟಿತು. 2022ರಲ್ಲಿ ಇಂಟೆಲ್ ತನ್ನ ಆರ್ಕ್ ಕಾರ್ಡುಗಳನ್ನು ತಂದಾಗ ಅದಕ್ಕೆಂದೇ ಬೇರೆ ಬಗೆಯ ಮಾನಿಟರ್ ಬೇಕಾಗಲಿಲ್ಲ. ಸಾಮಾನ್ಯ ಮಾನಕವೇ ಸಾಕಾಯಿತು.

ನಮ್ಮ ಉರ್ದು, ಕನ್ನಡ ಶಿಕ್ಷಕರಿಗೆ ಈ ಪಾಠ ಹೊಸದಲ್ಲ. ಒಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಂಡ ದಿನಗಳನ್ನು ನಾವು ಕಂಡಿದ್ದೇವೆ. ಯುನಿಕೋಡ್ ಎಂಬ ಸಾಮಾನ್ಯ ಮಾನಕ ಬಂದ ಮೇಲೆಯೇ ಆ ಕಷ್ಟ ಕಳೆಯಿತು. ಎಲ್ಲರಿಗೂ ತೆರೆದ ಮಾನಕದ ಬಾಳಿಕೆ ಹೆಚ್ಚು.

ಕೊಳ್ಳುವ ಮುನ್ನ

ಆದ್ದರಿಂದ ಮೊದಲು ಹೆಸರಿಗೆ ಮರುಳಾಗಬೇಡಿ. ಕಾರ್ಡುಗಳು ಬೇಗ ಹಳತಾಗುತ್ತವೆ, ಒಳ್ಳೆಯ ಮಾನಿಟರ್ ಎರಡು ಮೂರು ಕಾರ್ಡುಗಳ ಕಾಲ ಬಾಳುತ್ತದೆ. ಹಾಗಾಗಿ ಯಾವ ಕಂಪನಿಯ ಕಾರ್ಡಿಗೂ ಹೊಂದುವ ಅಡಾಪ್ಟಿವ್ ಸಿಂಕ್ ಮಾನಿಟರನ್ನು ಆರಿಸಿರಿ. ಅದರ ವೇಗದ ಮಿತಿಯನ್ನು ನೋಡಿ. 48ರಿಂದ 75 ಹರ್ಟ್ಸ್ ಇರುವುದಕ್ಕಿಂತ 48ರಿಂದ 144 ಇರುವುದು ಮೇಲು, ಏಕೆಂದರೆ ಆಟದ ವೇಗ 48ಕ್ಕಿಂತ ಇಳಿದಾಗ ಒಂದೇ ಚಿತ್ರವನ್ನು ಎರಡು ಸಲ ತೋರಿಸಿ ಲಯ ಕಾಯ್ದುಕೊಳ್ಳಲು ಅಲ್ಲಿ ಸ್ಥಳವಿದೆ. ಹಳೆಯ ಎನ್‌ವಿಡಿಯಾ ಕಾರ್ಡ್ ಇದ್ದರೆ ಎಚ್ಚರವಿರಲಿ. 2016ರ ಜಿಟಿಎಕ್ಸ್ 10 ಸರಣಿ ಮತ್ತು ನಂತರದವುಗಳಿಗೆ ಮಾತ್ರ ಈ ಸೌಲಭ್ಯವುಂಟು. 10 ಸರಣಿಯದಾದರೆ ಡಿಸ್‌ಪ್ಲೇಪೋರ್ಟ್ ಕೇಬಲ್ಲೇ ಬೇಕು. ಇಷ್ಟಾದ ಮೇಲೆ, ನೀವು ಆಡುವ ಗೇಮ್‌ಗೆ ನಿಮ್ಮ ಹಣದ ಮಿತಿಯಲ್ಲಿ ಯಾವ ಕಾರ್ಡ್ ಹೆಚ್ಚು ವೇಗ ನೀಡುತ್ತದೋ ಅದೇ ನಿಮ್ಮ ಕಾರ್ಡ್.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಕನ್ನಡದಲ್ಲಿದೆ. ಚಾದರ ನೋಡಿ ಕಾಲು ಚಾಚು ಎಂದು ಉರ್ದು ಹೇಳುತ್ತದೆ. ದುಂದುವೆಚ್ಚವನ್ನು ನಮ್ಮ ದೀನ್ ಕೂಡ ಒಪ್ಪುವುದಿಲ್ಲ; ಅದು ಹಣಕ್ಕೂ ಸರಿ, ರಾತ್ರಿಯಿಡೀ ಆಡಿ ಕಳೆಯುವ ಸಮಯಕ್ಕೂ ಸರಿ.

ಕೊನೆಯದಾಗಿ ಒಂದು ಮಾತು. ಈ ಎರಡೂ ಕಂಪನಿಗಳ ವಿನ್ಯಾಸ ಕೇಂದ್ರಗಳು ನಮ್ಮ ಬೆಂಗಳೂರಿನಲ್ಲಿವೆ. 2023ರ ನವೆಂಬರಿನಲ್ಲಿ ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದೂ ಅಲ್ಲಿಯೇ. ಇಂದು ಯಾವ ಕಾರ್ಡ್ ಕೊಳ್ಳಲಿ ಎಂದು ಕೇಳುವ ವಿದ್ಯಾರ್ಥಿಯು ನಾಳೆ ಗಣಿತ, ಭೌತಶಾಸ್ತ್ರ ಚೆನ್ನಾಗಿ ಕಲಿತು ಅದನ್ನು ರೂಪಿಸುವವನಾಗಲಿ, ರೂಪಿಸುವವಳಾಗಲಿ. ಅಲ್ಲಾಹನು ನಮ್ಮ ಮಕ್ಕಳಿಗೆ ಆ ತೌಫೀಕ್ ನೀಡಲಿ. ಆಮೀನ್.