ಶುಕ್ರವಾರ ಲಾಸ್ಟ್ ಡೇಟ್ ಸರ್: ಎಕ್ಸ್‌ಟೆಂಡೆಡ್ ವಾರಂಟಿಯ ಹಿಂದಿನ ನಾನೂರು ವರ್ಷ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ ಇಲ್ಲಿದೆ ಈ ವಾರದ ಮಾತಿನ ಬರಹ ರೂಪ.

ಇವತ್ತಿನ ವಿಷಯ ಒಂದು ಫೋನ್ ಕರೆಯಿಂದ ಶುರುವಾಯ್ತು. ಧಾರವಾಡ ಕಡೆಯ ಗೆಳೆಯರೊಬ್ಬರು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡ್ತಾರೆ. ಹದಿನೈದು ವರ್ಷ ದುಡಿದು, ಮನೆ ಸಾಲದ ಜೊತೆಗೇ ಧೈರ್ಯ ಮಾಡಿ ಒಂದು ಜರ್ಮನ್ ಕಾರು ತಗೊಂಡರು. ಅದರ ವಾರಂಟಿ ಮುಂದಿನ ತಿಂಗಳು ಮುಗಿಯುತ್ತೆ. ಡೀಲರ್ ಕಡೆಯಿಂದ ದಿನಾ ಫೋನ್: "ಇನ್ನೆರಡು ವರ್ಷಕ್ಕೆ ಒಂದೂವರೆ ಲಕ್ಷ ಸರ್, ಶುಕ್ರವಾರ ಲಾಸ್ಟ್ ಡೇಟ್." ಗೆಳೆಯರು ನನಗೆ ಕೇಳಿದ್ದು ಇಷ್ಟೇ: "ತಗೋಬೇಕೋ ಬ್ಯಾಡೋ, ಒಂದ ಮಾತಿನಾಗ ಹೇಳ್ರಿ."

ಒಂದು ಮಾತಿನಲ್ಲಿ ಹೇಳೋಕೆ ನನ್ನಿಂದ ಆಗಲಿಲ್ಲ. ಯಾಕಂದ್ರೆ ಮೊದಲು ಆ ಒಂದೂವರೆ ಲಕ್ಷಕ್ಕೆ ಅವರಿಗೆ ಸಿಗ್ತಾ ಇರೋದು ಏನು ಅನ್ನೋದೇ ಸ್ಪಷ್ಟ ಆಗಬೇಕು. ಅದಕ್ಕೆ ಸ್ವಲ್ಪ ಹಿಂದೆ ಹೋಗೋಣ ಬನ್ನಿ.

ನೂರು ಪೌಂಡಿನ ಕಲ್ಲು

1603ರ ಇಂಗ್ಲೆಂಡ್. ಚಾಂಡೆಲರ್ ಅನ್ನೋ ಅಕ್ಕಸಾಲಿಗ ಲೋಪಸ್ ಅನ್ನೋ ಗಿರಾಕಿಗೆ ಒಂದು ಕಲ್ಲನ್ನು ನೂರು ಪೌಂಡಿಗೆ ಮಾರಿದ. ಅದು ಬೆಜೋರ್ ಕಲ್ಲು ಅಂತ ಹೇಳಿ ಮಾರಿದ್ದು. ಆಡಿನಂಥ ಪ್ರಾಣಿಗಳ ಹೊಟ್ಟೆಯಲ್ಲಿ ಗಟ್ಟಿಯಾಗುವ ಈ ಕಲ್ಲು ವಿಷಕ್ಕೆ ಮದ್ದು ಅನ್ನೋ ನಂಬಿಕೆ ಆಗ ಇತ್ತು. ನಮ್ಮಲ್ಲಿ ಗೋರೋಚನಕ್ಕೆ ಬೆಲೆ ಇತ್ತಲ್ಲ, ಹಾಗೆ. ಕೊಂಡ ಮೇಲೆ ಅದು ಬೆಜೋರ್ ಅಲ್ಲ ಅಂತ ಲೋಪಸ್ ಕೋರ್ಟಿಗೆ ಹೋದ.

ಕೋರ್ಟು ಹೇಳಿದ್ದು ಕೇಳಿದ್ರೆ ಇವತ್ತಿಗೂ ಆಶ್ಚರ್ಯ ಆಗುತ್ತೆ. ಮಾರುವವನು "ಇದು ಬೆಜೋರ್" ಅಂತ ಬಾಯಲ್ಲಿ ಹೇಳಿದ್ದು ಬರೀ ಹೇಳಿಕೆ, ಅದು ವಾರಂಟಿ ಅಲ್ಲ. "ಇದಕ್ಕೆ ನಾನು ಜವಾಬ್ದಾರ" ಅಂತ ಮಾತು ಕೊಟ್ಟಿದ್ದರೆ ಮಾತ್ರ ಕೇಸು ನಿಲ್ಲುತ್ತೆ. ಕೊಳ್ಳುವವನೇ ಎಚ್ಚರವಾಗಿರಬೇಕು ಅನ್ನೋ ತತ್ವಕ್ಕೆ ಈ ತೀರ್ಪನ್ನು ಶತಮಾನಗಳ ಕಾಲ ಉದಾಹರಣೆ ಕೊಟ್ಟರು. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ ಶುರುವಾಗೋದೂ ಇದೇ ತತ್ವದಿಂದ, ಆಮೇಲೆ ಅದಕ್ಕೆ ವಿನಾಯಿತಿಗಳನ್ನು ಕೊಡುತ್ತೆ.

ಇದರಿಂದ ಒಂದು ವಿಷಯ ನೆನಪಿಟ್ಟುಕೊಳ್ಳಿ. ವಾರಂಟಿ ಅಂದ್ರೆ ಮೂಲತಃ ಮಾರುವವನ ಮಾತು. ಸರಕಿನ ಬೆಲೆಯ ಒಳಗೇ ಅದು ಸೇರಿರುತ್ತೆ, ಅದಕ್ಕೆ ಬೇರೆ ಬಿಲ್ ಇಲ್ಲ.

ತಾಯಂದಿರ ದಿನದ ಉಡುಗೊರೆ

ಈಗ ಕಾರಿಗೆ ಬರೋಣ. 1916ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ ಒಂದು ಬ್ಯೂಯಿಕ್ ಕಾರಿನ ಪ್ರಕರಣದಲ್ಲಿ ತೀರ್ಪು ಕೊಟ್ಟರು. ಮರದ ಚಕ್ರದ ಕಡ್ಡಿಗಳು ಮುರಿದು ಮಾಲೀಕನಿಗೆ ಗಾಯ ಆಗಿತ್ತು. ಕಂಪನಿಯ ವಾದ ಏನು ಗೊತ್ತಾ? "ನಾವು ಕಾರು ಮಾರಿದ್ದು ಡೀಲರ್‌ಗೆ, ಇವರಿಗಲ್ಲ. ಚಕ್ರ ಮಾಡಿದವರೂ ಬೇರೆಯವರು." ಕಾರ್ಡೋಜೊ ಒಪ್ಪಲಿಲ್ಲ. ನಿರ್ಲಕ್ಷ್ಯ ಇದ್ದರೆ ತಯಾರಕರೇ ಹೊಣೆ ಅಂದರು.

ಆದರೂ ಕಾರಿನ ವಾರಂಟಿ ಕಾಗದ ದಶಕಗಳ ಕಾಲ ಜಿಪುಣತನದ್ದೇ. 1955ರ ಮೇ ತಿಂಗಳು, ನ್ಯೂಜೆರ್ಸಿಯಲ್ಲಿ ಒಬ್ಬರು ತಾಯಂದಿರ ದಿನಕ್ಕೆ ಅಂತ ಹೆಂಡತಿಗೆ ಹೊಸ ಪ್ಲಿಮತ್ ಕಾರು ಕೊಡಿಸಿದರು. ಹತ್ತೇ ದಿನ, 468 ಮೈಲಿ, ಅಂದ್ರೆ ಸುಮಾರು 750 ಕಿಲೋಮೀಟರ್ ಓಡಿತ್ತು. ಆಕೆ ಓಡಿಸ್ತಾ ಇದ್ದಾಗ ಬಾನೆಟ್ ಕೆಳಗಿಂದ ದೊಡ್ಡ ಸದ್ದು ಬಂತು, ಸ್ಟೀರಿಂಗ್ ಕೈಯಲ್ಲೇ ಗಿರ್ರನೆ ತಿರುಗಿತು, ಕಾರು ಹೋಗಿ ಇಟ್ಟಿಗೆ ಗೋಡೆಗೆ ಗುದ್ದಿತು.

ಒಪ್ಪಂದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ವಾರಂಟಿ ಇತ್ತು: 90 ದಿನ ಅಥವಾ 4,000 ಮೈಲಿ, ಯಾವುದು ಮೊದಲೋ ಅದು. ಕೆಟ್ಟ ಭಾಗವನ್ನು ಸಾಗಾಣಿಕೆ ಖರ್ಚು ಕೊಟ್ಟು ಫ್ಯಾಕ್ಟರಿಗೆ ಕಳಿಸಿದರೆ ಬೇರೆ ಭಾಗ ಸಿಗುತ್ತೆ. ಬೇರೆ ಯಾವ ಹೊಣೆಯೂ ಕಂಪನಿಗಿಲ್ಲ. ಗಂಡ ಅದನ್ನು ಓದಿರಲಿಲ್ಲ. ನಾವೂ ಓದಲ್ಲ, ಬಿಡಿ. ಓದಿದ್ದರೂ ಆಯ್ಕೆ ಇರಲಿಲ್ಲ, ಯಾಕಂದ್ರೆ ತಯಾರಕರ ಸಂಘದ ಕಂಪನಿಗಳೆಲ್ಲ ಅದೇ ಒಂದು ನಮೂನೆ ಬಳಸ್ತಾ ಇದ್ದವು.

1960ರಲ್ಲಿ ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ ಈ ಹೆನ್ನಿಂಗ್‌ಸನ್ ಪ್ರಕರಣದಲ್ಲಿ, ಸಣ್ಣ ಅಕ್ಷರ ಬರೆದು ಜವಾಬ್ದಾರಿಯಿಂದ ಜಾರಿಕೊಳ್ಳೋಕೆ ಆಗಲ್ಲ ಅಂತ ಹೇಳಿತು. ಕಾರು ಅಂದ ಮೇಲೆ ಓಡಿಸೋಕೆ ಯೋಗ್ಯವಾಗಿರಬೇಕು, ಆ ಭರವಸೆ ಕಾನೂನಿನಿಂದಲೇ ಬರುತ್ತೆ, ಕಾರು ಓಡಿಸುವ ಮನೆಯವರಿಗೂ ಸಲ್ಲುತ್ತೆ ಅಂತ.

ಪೈಪೋಟಿ ತಂದ ವರ್ಷಗಳು

ಅದೇ ಹೊತ್ತಿಗೆ ಮಾರುಕಟ್ಟೆಯಲ್ಲಿ ಇನ್ನೊಂದು ಆಟ ಶುರುವಾಯ್ತು. ಫೋರ್ಡ್ 1961ರ ಮಾಡೆಲ್‌ಗಳಿಗೆ 12 ತಿಂಗಳು, 12,000 ಮೈಲಿ ಕೊಟ್ಟಿತು. ಕ್ರೈಸ್ಲರ್ 1963ರ ಮಾಡೆಲ್‌ಗಳಿಗೆ ಎಂಜಿನ್, ಗೇರ್‌ಬಾಕ್ಸ್ ಭಾಗಕ್ಕೆ 5 ವರ್ಷ, 50,000 ಮೈಲಿ ಅಂದಿತು. ಒಂದೆರಡು ವರ್ಷದಲ್ಲಿ ಕಾರು ಅಷ್ಟು ಗಟ್ಟಿ ಆಗಿಬಿಡ್ತಾ? ಮುಖ್ಯ ಕಾರಣ, ಕ್ರೈಸ್ಲರ್‌ಗೆ ಗಿರಾಕಿ ಬೇಕಿತ್ತು. ಉಳಿದವರೂ ಹಿಂಬಾಲಿಸಿದರು. 1970ರ ದಶಕ ಶುರುವಾಗೋ ಹೊತ್ತಿಗೆ ರಿಪೇರಿ ಖರ್ಚು ತಡೆಯಲಾಗದೆ ಎಲ್ಲರೂ ವಾರಂಟಿ ಮೊಟಕು ಮಾಡಿದರು.

ಇದೇ ಆಟವನ್ನು 1998ರಲ್ಲಿ ಹ್ಯುಂಡೈ ಅಮೆರಿಕದಲ್ಲಿ ಆಡಿತು. ಹೆಸರು ಕೆಟ್ಟಿತ್ತು, ಜನ ನಂಬ್ತಾ ಇರಲಿಲ್ಲ. ಎಂಜಿನ್, ಗೇರ್‌ಬಾಕ್ಸ್‌ಗೆ 10 ವರ್ಷ, ಒಂದು ಲಕ್ಷ ಮೈಲಿ ಅಂತ ಘೋಷಿಸಿತು. ಆದರೆ ಪೂರ್ತಿ 10 ವರ್ಷ ಮೊದಲ ಮಾಲೀಕರಿಗೆ ಮಾತ್ರ. ಈ ಷರತ್ತು ನೆನಪಿರಲಿ, ಕೊನೆಗೆ ಬೇಕಾಗುತ್ತೆ.

ಇಂಥ ಭರವಸೆ ಯಾಕೆ ಕೆಲಸ ಮಾಡುತ್ತೆ ಅನ್ನೋದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದರು. ಹಳೇ ಕಾರಿನ ನಿಜವಾದ ಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಅಂತರ ತುಂಬೋ ಉಪಾಯಗಳಲ್ಲಿ ಗ್ಯಾರಂಟಿ ಒಂದು. ಮೂರು ಪತ್ರಿಕೆಗಳು ತಿರಸ್ಕರಿಸಿದ ಆ ಲೇಖನವೇ ಅವರಿಗೆ 2001ರಲ್ಲಿ ನೊಬೆಲ್ ತಂದುಕೊಟ್ಟಿದ್ದು.

ಎರಡು ಬೇರೆ ಕಾಗದಗಳು

1975ರಲ್ಲಿ ಅಮೆರಿಕ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆ ತಂದಿತು. ನಮ್ಮ ಗೆಳೆಯರ ಪ್ರಶ್ನೆಗೆ ಬೀಗದ ಕೈ ಇಲ್ಲಿದೆ. ಕಾಯ್ದೆ ಎರಡನ್ನು ಬೇರೆ ಮಾಡಿತು. ಮಾರುವಾಗ ಸರಕಿನ ಜೊತೆ ಬರೋದು ವಾರಂಟಿ. ಬೇರೆ ದುಡ್ಡು ಕೊಟ್ಟು ಇಷ್ಟು ವರ್ಷದ ರಿಪೇರಿಗೆ ಅಂತ ಮಾಡಿಕೊಳ್ಳೋದು ಸರ್ವಿಸ್ ಕಾಂಟ್ರಾಕ್ಟ್. ನಾವು ಎಕ್ಸ್‌ಟೆಂಡೆಡ್ ವಾರಂಟಿ ಅಂತ ಕರೆಯೋದು ಈ ಎರಡನೆಯದನ್ನು.

ಅಂದ್ರೆ ಅದು ಮಾತಲ್ಲ, ಮಾರಾಟದ ಸರಕು. ಅದಕ್ಕೂ ಬೆಲೆ ಇದೆ, ಲಾಭ ಇದೆ, ಟಾರ್ಗೆಟ್ ಇದೆ. ಮಾರುವವರು ರಿಪೇರಿಯ ಸರಾಸರಿ ಖರ್ಚು ಲೆಕ್ಕ ಹಾಕಿ, ಮೇಲೆ ಲಾಭ, ಕಮಿಷನ್ ಸೇರಿಸಿಯೇ ಬೆಲೆ ಇಡ್ತಾರೆ. ಹಾಗಾಗಿ ಕೊಂಡವರೆಲ್ಲರ ಲೆಕ್ಕ ಒಟ್ಟಿಗೆ ಹಾಕಿದರೆ, ಅವರಿಗೆ ವಾಪಸ್ ಬರೋದು ಕೊಟ್ಟಿದ್ದಕ್ಕಿಂತ ಕಡಿಮೆಯೇ. ಇದರಲ್ಲಿ ಮೋಸ ಏನಿಲ್ಲ, ಯಾವ ಇನ್ಶೂರೆನ್ಸ್ ಆದರೂ ನಡೆಯೋದು ಹೀಗೇ. ಆದರೆ ಕಾಗದದ ಹಿಂದೆ ನಿಂತವರು ಯಾರು ಅನ್ನೋದು ಆಗ ದೊಡ್ಡ ಪ್ರಶ್ನೆ ಆಗುತ್ತೆ. ಅಮೆರಿಕದಲ್ಲಿ ಇಂಥ ಕಾಂಟ್ರಾಕ್ಟ್‌ಗಳನ್ನು ಫೋನಿನಲ್ಲಿ ಮಾರ್ತಾ ಇದ್ದ ಯುಎಸ್ ಫಿಡೆಲಿಸ್ ಅನ್ನೋ ಕಂಪನಿ 2010ರಲ್ಲಿ ದಿವಾಳಿ ಎದ್ದಿತು.

ನಮ್ಮ ದೇಶದ ಲೆಕ್ಕ

ಭಾರತದಲ್ಲಿ ಐಷಾರಾಮಿ ಕಾರಿನ ಕಥೆಗೆ ನೀವಿರುವ ಊರುಗಳೇ ವೇದಿಕೆ. ಮರ್ಸಿಡಿಸ್ 1995ರಲ್ಲಿ ಪುಣೆಯ ಪಿಂಪ್ರಿಯಲ್ಲಿ ಟೆಲ್ಕೋ ಜೊತೆ ಜೋಡಣೆ ಶುರು ಮಾಡಿತು, 2009ರಲ್ಲಿ ಚಾಕಣ್‌ಗೆ ಬಂತು. ಬಿಎಂಡಬ್ಲ್ಯು 2007ರಲ್ಲಿ ಚೆನ್ನೈ ಹತ್ತಿರ ಕಾರ್ಖಾನೆ ತೆರೆಯಿತು. ಆದರೆ ಇಲ್ಲಿ ನಡೆಯೋದು ಹೆಚ್ಚಾಗಿ ಹೊರಗಿನಿಂದ ಬಂದ ಭಾಗಗಳ ಜೋಡಣೆ. ಹಾಗಾಗಿ ಏರ್ ಸಸ್ಪೆನ್ಷನ್, ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್, ಎಲ್‌ಇಡಿ ಹೆಡ್‌ಲ್ಯಾಂಪ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡೋದು ಕಡಿಮೆ, ಇಡೀ ಯೂನಿಟ್ ಬದಲಾಯಿಸೋದೇ ಜಾಸ್ತಿ. ಬಿಲ್ ಲಕ್ಷಗಳಲ್ಲಿ ಬರೋದು ಅದಕ್ಕೇ.

ಹೊರಗೆ ಮಾಡಿಸೋಣ ಅಂದ್ರೆ "ವಾರಂಟಿ ಹೋಗುತ್ತೆ ಸರ್" ಅಂತಾರೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗಗಳು ಹೊರಗಿನ ಗ್ಯಾರೇಜಿಗೆ ಸಿಗದಂತೆ ತಡೆದಿದ್ದಾರೆ ಅನ್ನೋದು ಆರೋಪ. ಹೊರಗಡೆ ಸರ್ವಿಸ್ ಮಾಡಿಸಿದ ಮಾತ್ರಕ್ಕೇ ವಾರಂಟಿ ರದ್ದು ಅನ್ನೋ ಷರತ್ತು ಹಾಕಬಾರದು ಅಂತಲೂ ಆಯೋಗ ಹೇಳಿತ್ತು. ಆದೇಶ ಮೇಲ್ಮನವಿಗಳಿಗೆ ಹೋಯ್ತು, ಕಿರಿಕಿರಿ ಪೂರ್ತಿ ಮುಗಿದಿಲ್ಲ. ಕ್ಲೇಮ್ ಸುಸೂತ್ರ ಆಗಬೇಕು ಅಂದ್ರೆ ಸರ್ವಿಸ್ ದಾಖಲೆ ಸರಿಯಾಗಿ ಇಟ್ಟುಕೊಳ್ಳಿ ಅನ್ನೋದೇ ಸದ್ಯದ ಬುದ್ಧಿಮಾತು.

ಇನ್ನೊಂದು ವಿಷಯ. 2006ರಲ್ಲಿ ಮಾರುತಿ ಉದ್ಯೋಗ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಕೆಟ್ಟ ಭಾಗ ಬದಲಾಯಿಸೋದು ಅಂತಿದ್ದರೆ ಕಂಪನಿಯ ಹೊಣೆ ಅಷ್ಟೇ, ಇಡೀ ಕಾರು ಬದಲಾಯಿಸಿ ಅನ್ನೋಕಾಗಲ್ಲ ಅಂದಿತು. ಕಾಗದದಲ್ಲಿ ಏನಿದೆಯೋ ಅಷ್ಟೇ ನಿಮ್ಮದು.

ಊರು ಬಿಟ್ಟು ಬಂದ ನಮ್ಮಂಥವರಿಗೆ ಒಂದು ಒಳ್ಳೆ ಸುದ್ದಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು. ಕಾರು ಬೆಂಗಳೂರಲ್ಲಿ ಕೊಂಡಿದ್ದರೂ ಪುಣೆಯಲ್ಲೇ ಕೇಸು ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕಿಂತ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ.

ಹಾಗಾದ್ರೆ ತಗೋಬೇಕೋ ಬೇಡವೋ?

ಗೆಳೆಯರಿಗೆ ನಾನು ನಾಲ್ಕು ಪ್ರಶ್ನೆ ಕೇಳಿದೆ.

ಒಂದು, ಕಾಗದದ ಹಿಂದೆ ಯಾರಿದ್ದಾರೆ? ತಯಾರಕರೇನಾ, ಇನ್ಶೂರೆನ್ಸ್ ಕಂಪನಿನಾ, ಅಥವಾ ಮೂರನೆಯವರಾ?

ಎರಡು, ಏನೇನು ಹೊರಗಿಟ್ಟಿದ್ದಾರೆ? ಬ್ರೇಕ್ ಪ್ಯಾಡ್, ಟೈರು, ವೈಪರ್‌ನಂಥ ಸವೆಯೋ ಭಾಗಗಳು ಸಾಮಾನ್ಯವಾಗಿ ಇರಲ್ಲ. ಮಳೆ ನೀರು ಎಂಜಿನ್‌ಗೆ ನುಗ್ಗಿದರೆ ವಾರಂಟಿ ಬರಲ್ಲ, ಅದಕ್ಕೆ ಇನ್ಶೂರೆನ್ಸಿನಲ್ಲಿ ಎಂಜಿನ್ ಪ್ರೊಟೆಕ್ಷನ್ ಬೇಕು. 2005ರ ಮುಂಬೈ, 2015ರ ಚೆನ್ನೈ ಮಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರು, ಎಷ್ಟು ವರ್ಷ ಇಟ್ಕೊಳ್ತೀರಿ, ಎಷ್ಟು ಓಡಿಸ್ತೀರಿ? ಮಾರಿದರೆ ಮುಂದಿನ ಮಾಲೀಕರಿಗೆ ವರ್ಗ ಆಗುತ್ತಾ? ಹ್ಯುಂಡೈ ಷರತ್ತು ನೆನಪಿಸಿಕೊಳ್ಳಿ.

ನಾಲ್ಕನೆಯದೇ ಮುಖ್ಯ. ನಾಳೆ ಬೆಳಗ್ಗೆ ನಾಲ್ಕು ಲಕ್ಷದ ಬಿಲ್ ಬಂದರೆ ಮನೆ ನಡೆಯುತ್ತಾ? ನಡೆಯುತ್ತೆ ಅಂದ್ರೆ ಆ ಒಂದೂವರೆ ಲಕ್ಷವನ್ನು ಎಫ್‌ಡಿಯಲ್ಲಿಟ್ಟು ನಿಮಗೆ ನೀವೇ ವಾರಂಟಿ ಕೊಟ್ಟುಕೊಳ್ಳಿ. ಸರಾಸರಿ ಲೆಕ್ಕ ನಿಮ್ಮ ಕಡೆಗಿದೆ. ನಡೆಯಲ್ಲ ಅಂದ್ರೆ ಕೊಳ್ಳಿ. ತಡೆಯಲಾಗದ ನಷ್ಟಕ್ಕೆ ರಕ್ಷಣೆ ಕೊಳ್ಳೋದು ದಂಡ ಅಲ್ಲ.

ಗೆಳೆಯರು ಡೀಲರ್ ಹತ್ತಿರ ಪೂರ್ತಿ ಷರತ್ತಿನ ಪುಸ್ತಕ ಕೇಳಿದರು. ಬರೀ ಬಣ್ಣದ ಕರಪತ್ರ ಕಳಿಸಿದ್ದರು, ಮತ್ತೆ ಕೇಳಿದ ಮೇಲೆ ಪುಸ್ತಕ ಬಂತು. ಯೋಜನೆ ತಯಾರಕರದ್ದೇ. ಕಾರಿಗೆ ಏರ್ ಸಸ್ಪೆನ್ಷನ್ ಇದೆ, ಪಟ್ಟಿಯಲ್ಲಿ ಅದೂ ಸೇರಿದೆ. ತಿಂಗಳಿಗೊಮ್ಮೆ ಅಪ್ಪ ಅಮ್ಮನ್ನ ನೋಡೋಕೆ ಧಾರವಾಡಕ್ಕೆ ಹೋಗಿಬರ್ತಾರೆ, ಇನ್ನೂ ಐದು ವರ್ಷ ಕಾರು ಮಾರಲ್ಲ, ಮನೆ ಸಾಲ ಬಾಕಿ ಇದೆ. ತಗೊಂಡರು. ಸರಿಯಾದ ನಿರ್ಧಾರ ಅಂತಲೇ ನನ್ನ ಅಭಿಪ್ರಾಯ. ಅದೇ ಆಫೀಸಿನ ಇನ್ನೊಬ್ಬರು ವರ್ಷಕ್ಕೆ ಐದು ಸಾವಿರ ಕಿಲೋಮೀಟರ್ ಓಡಿಸ್ತಾರೆ, ಮುಂದಿನ ವರ್ಷ ಕಾರು ಬದಲಾಯಿಸ್ತಾರೆ. ಅವರು ಬೇಡ ಅಂದರು. ಅದೂ ಸರಿಯೇ.

ಅಂದ ಹಾಗೆ, ಆ ಶುಕ್ರವಾರದ ಲಾಸ್ಟ್ ಡೇಟ್? ಪುಸ್ತಕದ ಪ್ರಕಾರ ಹಳೇ ವಾರಂಟಿ ಮುಗಿಯುವ ದಿನದವರೆಗೂ ಕೊಳ್ಳಬಹುದಿತ್ತು. ಶುಕ್ರವಾರ ಅನ್ನೋದು ಬರೀ ಬಾಯಿಮಾತು. ಲೋಪಸ್‌ಗೆ ಅಕ್ಕಸಾಲಿಗ ಹೇಳಿದ್ದೂ ಅಂಥದ್ದೇ.

ನಿಮ್ಮ ಕಾರಿನ ಕಾಗದ ಒಮ್ಮೆ ತೆಗೆದು ಓದಿ.