ಬ್ರದರ್ಸ್ ಕೀಪರ್ (೧೯೯೨ರ ಸಾಕ್ಷ್ಯಚಿತ್ರ)

ಬ್ರದರ್ಸ್ ಕೀಪರ್ ೧೯೯೨ರಲ್ಲಿ ತೆರೆಕಂಡ ಅಮೆರಿಕದ ಇಂಗ್ಲಿಷ್ ಸಾಕ್ಷ್ಯಚಿತ್ರ. ಜೋ ಬರ್ಲಿಂಜರ್ ಮತ್ತು ಬ್ರೂಸ್ ಸಿನೋಫ್‌ಸ್ಕಿ ಇದನ್ನು ಜಂಟಿಯಾಗಿ ನಿರ್ದೇಶಿಸಿ ನಿರ್ಮಿಸಿದ್ದಾರೆ. ನ್ಯೂಯಾರ್ಕ್ ರಾಜ್ಯದ ಮನ್ಸ್‌ವಿಲ್ ಎಂಬ ಹಳ್ಳಿಯಲ್ಲಿ ೧೯೯೦ರಲ್ಲಿ ವಿಲಿಯಂ ವಾರ್ಡ್ ಎಂಬ ವೃದ್ಧ ರೈತ ಮೃತಪಟ್ಟರು. ಅವರನ್ನು ಕೊಂದ ಆರೋಪ ಅವರ ತಮ್ಮ ಡೆಲ್ಬರ್ಟ್ ವಾರ್ಡ್ ಅವರ ಮೇಲೆ ಬಂದಿತು. ಈ ಪ್ರಕರಣ, ಅದರ ನ್ಯಾಯಾಲಯ ವಿಚಾರಣೆ ಹಾಗೂ ಆರೋಪಿಯ ಬೆನ್ನಿಗೆ ನಿಂತ ಊರಿನವರ ನಡೆ ಚಿತ್ರದ ವಸ್ತು. ಚಿತ್ರದ ಅವಧಿ ಸುಮಾರು ೧೦೪ ನಿಮಿಷಗಳು. ಅಪರಾಧ ಪ್ರಕರಣಗಳನ್ನು ಕುರಿತ ಅಮೆರಿಕದ ಸಾಕ್ಷ್ಯಚಿತ್ರಗಳಲ್ಲಿ ಇದನ್ನು ಮುಖ್ಯವಾದ ಕೃತಿಯೆಂದು ಪರಿಗಣಿಸಲಾಗುತ್ತದೆ.

ಹೆಸರಿನ ಅರ್ಥ

ಶೀರ್ಷಿಕೆಯು ಬೈಬಲ್ಲಿನ ಆದಿಕಾಂಡದಲ್ಲಿ ಬರುವ ಕಾಯಿನ ಮತ್ತು ಹೇಬೆಲರ ಕಥೆಯನ್ನು ನೆನಪಿಸುತ್ತದೆ. ತಮ್ಮನನ್ನು ಕೊಂದ ಕಾಯಿನನು, ತಾನೇನು ತಮ್ಮನ ಕಾವಲುಗಾರನೇ ಎಂಬ ಅರ್ಥದಲ್ಲಿ ದೇವರಿಗೆ ಉತ್ತರಿಸುವ ಪ್ರಸಂಗವದು. ಚಿತ್ರದ ಮಟ್ಟಿಗೆ ಈ ಹೆಸರಿಗೆ ಎರಡು ಅರ್ಥಗಳು ಹೊಂದುತ್ತವೆ. ಒಂದು, ಸೋದರಹತ್ಯೆಯ ಆರೋಪ. ಇನ್ನೊಂದು, ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತ ಬಾಳಿದ ಸಹೋದರರ ಮತ್ತು ಅವರನ್ನು ಕಾಯಲು ಮುಂದಾದ ನೆರೆಹೊರೆಯವರ ಹೊಣೆ.

ಹಿನ್ನೆಲೆ

ಮನ್ಸ್‌ವಿಲ್ ನ್ಯೂಯಾರ್ಕ್ ರಾಜ್ಯದ ಮಧ್ಯಭಾಗದ ಮ್ಯಾಡಿಸನ್ ಕೌಂಟಿಗೆ ಸೇರಿದ, ಕೆಲವು ನೂರು ಜನರಷ್ಟೇ ವಾಸಿಸುವ ಹಳ್ಳಿ. ಹೈನುಗಾರಿಕೆ ಈ ಪ್ರದೇಶದ ಮುಖ್ಯ ಕಸುಬುಗಳಲ್ಲೊಂದು. ಇಲ್ಲಿನ ವಾರ್ಡ್ ಕುಟುಂಬದ ನಾಲ್ವರು ಅವಿವಾಹಿತ ಸಹೋದರರಾದ ರಾಸ್ಕೋ, ವಿಲಿಯಂ, ಲೈಮನ್ ಮತ್ತು ಡೆಲ್ಬರ್ಟ್ ತಮ್ಮ ಜಮೀನಿನಲ್ಲಿ ಹಸುಗಳನ್ನು ಸಾಕಿಕೊಂಡು ಒಟ್ಟಿಗೆ ಬದುಕುತ್ತಿದ್ದರು. ಇವರಿಗೆ ವಿದ್ಯಾಭ್ಯಾಸ ಬಹಳ ಕಡಿಮೆಯಿತ್ತು. ವಾಸವಾಗಿದ್ದ ಶಿಥಿಲ ಮನೆಯಲ್ಲಿ ನಲ್ಲಿ ನೀರಿನ ಸೌಕರ್ಯವೂ ಇರಲಿಲ್ಲ. ವಿಲಿಯಂ ಮತ್ತು ಡೆಲ್ಬರ್ಟ್ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು. ವಯಸ್ಸಾಗಿದ್ದರೂ ಊರಿನವರು ಇವರನ್ನು 'ವಾರ್ಡ್ ಹುಡುಗರು' ಎಂದೇ ಕರೆಯುತ್ತಿದ್ದರು. ಪ್ರಕರಣಕ್ಕೆ ಮೊದಲು ಇವರ ಅಶುಚಿತನ ಮತ್ತು ಒಂಟಿತನದ ಕಾರಣ ಹಲವರು ಇವರಿಂದ ದೂರವೇ ಇದ್ದರು.

ಪ್ರಕರಣ

೧೯೯೦ರ ಜೂನ್ ೬ರಂದು ೬೪ ವರ್ಷದ ವಿಲಿಯಂ ಹಾಸಿಗೆಯಲ್ಲಿ ಮೃತಪಟ್ಟಿರುವುದು ಕಂಡುಬಂದಿತು. ಅವರು ಕೆಲಕಾಲದಿಂದ ಅನಾರೋಗ್ಯದಿಂದ ನರಳುತ್ತಿದ್ದುದರಿಂದ ಮೊದಲಿಗೆ ಇದು ಸಹಜ ಸಾವೆಂದೇ ತೋರಿತು. ಮರಣೋತ್ತರ ಪರೀಕ್ಷೆಯ ನಂತರ ಉಸಿರುಗಟ್ಟಿಸಿ ಕೊಂದಿರುವ ಶಂಕೆ ಮೂಡಿತು. ರಾಜ್ಯ ಪೊಲೀಸರು ಡೆಲ್ಬರ್ಟ್ ಅವರನ್ನು ಠಾಣೆಗೆ ಕರೆದೊಯ್ದು ಪ್ರಶ್ನಿಸಿದರು. ವಕೀಲರ ನೆರವಿಲ್ಲದೆ ನಡೆದ ಆ ವಿಚಾರಣೆಯ ಕೊನೆಗೆ, ಅಣ್ಣನ ಬಾಧೆಯನ್ನು ಕೊನೆಗಾಣಿಸಲು ಆತನ ಮೂಗು ಬಾಯಿ ಮುಚ್ಚಿದೆನೆಂಬ ತಪ್ಪೊಪ್ಪಿಗೆಗೆ ಅವರು ಸಹಿ ಹಾಕಿದರು. ಅವರ ಮೇಲೆ ಎರಡನೆಯ ದರ್ಜೆಯ ಕೊಲೆಯ ಆರೋಪ ಹೊರಿಸಲಾಯಿತು.

ಬಳಿಕ ಡೆಲ್ಬರ್ಟ್ ಈ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡರು. ತಾನು ಸಹಿ ಹಾಕಿದ ಕಾಗದದಲ್ಲಿ ಏನಿತ್ತೆಂಬುದು ತನಗೆ ತಿಳಿದಿರಲಿಲ್ಲವೆಂಬುದು ಅವರ ವಾದವಾಗಿತ್ತು. ಅಮೆರಿಕದ ಕಾನೂನಿನಂತೆ ಬಂಧನದಲ್ಲಿರುವವರನ್ನು ಪ್ರಶ್ನಿಸುವ ಮೊದಲು, ಮೌನವಾಗಿರುವ ಹಾಗೂ ವಕೀಲರನ್ನು ಪಡೆಯುವ ಹಕ್ಕುಗಳಿವೆಯೆಂದು ಪೊಲೀಸರು ತಿಳಿಸಬೇಕು. ಮಿರಾಂಡಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೬೬ರಲ್ಲಿ ನೀಡಿದ ತೀರ್ಪು ಇದಕ್ಕೆ ಆಧಾರ. ಈ ಹಕ್ಕುಗಳನ್ನು ಬಿಟ್ಟುಕೊಡುವ ವ್ಯಕ್ತಿ ಅದನ್ನು ಅರಿತು, ಸ್ವಇಚ್ಛೆಯಿಂದ ಮಾಡಿರಬೇಕು. ಓದುಬರಹ ಅಷ್ಟಾಗಿ ಬಾರದ, ಬೌದ್ಧಿಕ ಸಾಮರ್ಥ್ಯ ಕಡಿಮೆಯಿದ್ದ ಡೆಲ್ಬರ್ಟ್ ಹಾಗೆ ಅರಿತು ಸಹಿ ಹಾಕಿದರೇ ಎಂಬುದೇ ಪ್ರಕರಣದ ಮುಖ್ಯ ಪ್ರಶ್ನೆಯಾಯಿತು.

ಊರಿನವರ ನಿಲುವು

ಬಂಧನದ ಸುದ್ದಿ ಹರಡುತ್ತಿದ್ದಂತೆ ಮನ್ಸ್‌ವಿಲ್ ಜನರು ಡೆಲ್ಬರ್ಟ್ ಪರವಾಗಿ ಒಗ್ಗೂಡಿದರು. ಜಾಮೀನಿಗೆ ಬೇಕಾದ ಹಣವನ್ನು ತಾವೇ ಸಂಗ್ರಹಿಸಿದರು. ವಕೀಲರ ವೆಚ್ಚಕ್ಕಾಗಿ ಸಹಾಯಾರ್ಥ ಭೋಜನಕೂಟಗಳನ್ನು ಏರ್ಪಡಿಸಿದರು. ನಗರದ ಅಧಿಕಾರಿಗಳು ಅಮಾಯಕ ರೈತನೊಬ್ಬನನ್ನು ಸಿಕ್ಕಿಸಿದ್ದಾರೆಂಬುದು ಅನೇಕರ ಭಾವನೆಯಾಗಿತ್ತು. ಡೆಲ್ಬರ್ಟ್ ಕೃತ್ಯ ಎಸಗಿದ್ದರೂ ಅದು ಕರುಣೆಯಿಂದ ನಡೆದದ್ದಾಗಿರಬಹುದು ಎಂದು ಭಾವಿಸಿದವರೂ ಊರಿನಲ್ಲಿದ್ದರು. ರೋಗಿಷ್ಠ ಪ್ರಾಣಿಯ ನೋವನ್ನು ನೋಡಲಾರದೆ ಕೊನೆಗಾಣಿಸುವ ರೈತಾಪಿ ರೂಢಿಯ ಹಿನ್ನೆಲೆಯಲ್ಲಿ ಈ ಮಾತು ಚಿತ್ರದಲ್ಲಿ ವಿಶೇಷ ತೂಕ ಪಡೆಯುತ್ತದೆ. ಹಿಂದೆ ದೂರವಿಟ್ಟಿದ್ದ ಸಹೋದರರನ್ನು ಊರು ತನ್ನವರೆಂದು ಒಪ್ಪಿಕೊಂಡದ್ದು ಚಿತ್ರವು ದಾಖಲಿಸುವ ಮಹತ್ವದ ಬದಲಾವಣೆ.

ನ್ಯಾಯಾಲಯ ವಿಚಾರಣೆ

ವಿಚಾರಣೆಯು ೧೯೯೧ರಲ್ಲಿ ಕೌಂಟಿಯ ಆಡಳಿತ ಕೇಂದ್ರವಾದ ವ್ಯಾಂಪ್ಸ್‌ವಿಲ್‌ನಲ್ಲಿ ಜ್ಯೂರಿಯ ಮುಂದೆ ನಡೆಯಿತು. ರಾಲ್ಫ್ ಕಾಗ್ನೆಟಿ ಪ್ರತಿವಾದಿಯ ವಕೀಲರಾಗಿದ್ದರು. ಪ್ರಾಸಿಕ್ಯೂಷನ್ ತಪ್ಪೊಪ್ಪಿಗೆ ಹಾಗೂ ವೈದ್ಯಕೀಯ ಸಾಕ್ಷ್ಯವನ್ನು ಅವಲಂಬಿಸಿತ್ತು. ಮೃತದೇಹದಲ್ಲಿ ಕಂಡುಬಂದ ಸೂಕ್ಷ್ಮ ರಕ್ತಸ್ರಾವದ ಚುಕ್ಕೆಗಳು ಉಸಿರುಗಟ್ಟಿದ್ದರ ಲಕ್ಷಣವೆಂಬುದು ಅದರ ವಾದ. ಇಂತಹ ಚುಕ್ಕೆಗಳು ಬೇರೆ ಕಾರಣಗಳಿಂದಲೂ ಉಂಟಾಗಬಲ್ಲವು. ಆದ್ದರಿಂದ ಸಾವಿನ ಕಾರಣ ಖಚಿತವಲ್ಲವೆಂದು ತೋರಿಸುವುದು ಪ್ರತಿವಾದದ ಗುರಿಯಾಗಿತ್ತು. ದಯಾಮರಣದ ಉದ್ದೇಶದ ಜೊತೆಗೆ, ಸಾವಿಗೆ ಲೈಂಗಿಕ ಹಿನ್ನೆಲೆಯಿರಬಹುದೆಂಬ ಊಹೆಯನ್ನೂ ಪ್ರಾಸಿಕ್ಯೂಷನ್ ಮುಂದಿಟ್ಟಿತು. ಇದು ಊರಿನವರ ಅಸಮಾಧಾನಕ್ಕೆ ಕಾರಣವಾಯಿತು. ಸಾಕ್ಷಿಕಟ್ಟೆಯಲ್ಲಿ ಲೈಮನ್ ಭಯದಿಂದ ಮೈನಡುಗುತ್ತ ಉತ್ತರಿಸುವ ದೃಶ್ಯವು ಚಿತ್ರದ ಅತ್ಯಂತ ಮನಕಲಕುವ ಭಾಗಗಳಲ್ಲೊಂದು. ಜ್ಯೂರಿಯು ೧೯೯೧ರ ಏಪ್ರಿಲ್‌ನಲ್ಲಿ ಡೆಲ್ಬರ್ಟ್ ಅವರನ್ನು ನಿರ್ದೋಷಿಯೆಂದು ಘೋಷಿಸಿತು.

ನಿರ್ಮಾಣ

ಬರ್ಲಿಂಜರ್ ಮತ್ತು ಸಿನೋಫ್‌ಸ್ಕಿ ಇಬ್ಬರೂ ಖ್ಯಾತ ಸಾಕ್ಷ್ಯಚಿತ್ರಕಾರರಾದ ಮೇಸಲ್ಸ್ ಸಹೋದರರ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ಪತ್ರಿಕಾ ವರದಿಯಿಂದ ಪ್ರಕರಣವನ್ನು ತಿಳಿದ ಅವರು ಮನ್ಸ್‌ವಿಲ್‌ಗೆ ಪದೇ ಪದೇ ಭೇಟಿ ನೀಡಿ, ಸಹೋದರರ ವಿಶ್ವಾಸ ಗಳಿಸಿ ಚಿತ್ರೀಕರಣ ನಡೆಸಿದರು. ಇದು ಅವರಿಬ್ಬರೂ ಜೊತೆಯಾಗಿ ನಿರ್ದೇಶಿಸಿದ ಮೊದಲ ಪೂರ್ಣಾವಧಿ ಸಾಕ್ಷ್ಯಚಿತ್ರ. ಛಾಯಾಗ್ರಹಣ ಡಗ್ಲಸ್ ಕೂಪರ್ ಅವರದು. ಜೇ ಅಂಗರ್ ಮತ್ತು ಮಾಲಿ ಮೇಸನ್ ಅವರ ಜಾನಪದ ಶೈಲಿಯ ಸಂಗೀತವನ್ನು ಚಿತ್ರದಲ್ಲಿ ಬಳಸಲಾಗಿದೆ.

ಶೈಲಿ ಮತ್ತು ವಿಮರ್ಶೆ

ಚಿತ್ರದಲ್ಲಿ ಘಟನೆಗಳನ್ನು ವಿವರಿಸುವ ಹಿನ್ನೆಲೆ ನಿರೂಪಕರಿಲ್ಲ. ಕೊಟ್ಟಿಗೆ ಕೆಲಸ, ಊರಿನ ಮಾತುಕತೆ, ಹಂದಿ ಕಡಿಯುವ ದೃಶ್ಯ, ದೂರದರ್ಶನ ವರದಿಗಾರರ ಭೇಟಿ ಹಾಗೂ ನ್ಯಾಯಾಲಯ ಕಲಾಪಗಳು ಒಂದರ ನಂತರ ಒಂದು ಬರುತ್ತವೆ. ರಾಷ್ಟ್ರೀಯ ಮಾಧ್ಯಮಗಳು ಹಳ್ಳಿಯನ್ನು ಹೇಗೆ ಚಿತ್ರಿಸಿದವೆಂಬುದನ್ನೂ ಚಿತ್ರ ಗಮನಿಸುತ್ತದೆ. ಆರೋಪಿಯ ಬಗ್ಗೆ ಸಹಾನುಭೂತಿಯಿದ್ದರೂ ವಿಲಿಯಂ ಸತ್ತದ್ದು ಹೇಗೆಂಬ ಪ್ರಶ್ನೆಗೆ ಚಿತ್ರವು ಅಂತಿಮ ಉತ್ತರ ನೀಡುವುದಿಲ್ಲ. ಜ್ಯೂರಿಯ ತೀರ್ಪು ಆರೋಪ ಸಾಬೀತಾಗಲಿಲ್ಲವೆಂಬುದನ್ನಷ್ಟೇ ಹೇಳುತ್ತದೆಂಬ ಎಚ್ಚರ ಅದರಲ್ಲಿದೆ. ವಿಮರ್ಶಕ ರೋಜರ್ ಈಬರ್ಟ್ ಸೇರಿದಂತೆ ಅನೇಕರು ಚಿತ್ರವನ್ನು ಮೆಚ್ಚಿದರು.

ಪ್ರಶಸ್ತಿಗಳು

• ಸನ್‌ಡಾನ್ಸ್ ಚಲನಚಿತ್ರೋತ್ಸವ, ೧೯೯೨: ಸಾಕ್ಷ್ಯಚಿತ್ರ ವಿಭಾಗದ ಪ್ರೇಕ್ಷಕರ ಪ್ರಶಸ್ತಿ
• ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ, ೧೯೯೨: ಅತ್ಯುತ್ತಮ ಸಾಕ್ಷ್ಯಚಿತ್ರ
• ನ್ಯೂಯಾರ್ಕ್ ಚಲನಚಿತ್ರ ವಿಮರ್ಶಕರ ವೃತ್ತ, ೧೯೯೨: ಅತ್ಯುತ್ತಮ ಸಾಕ್ಷ್ಯಚಿತ್ರ
• ಅಮೆರಿಕದ ನಿರ್ದೇಶಕರ ಸಂಘ: ಸಾಕ್ಷ್ಯಚಿತ್ರ ನಿರ್ದೇಶನ ಪ್ರಶಸ್ತಿ

ಇಷ್ಟು ಮನ್ನಣೆ ದೊರೆತರೂ ಚಿತ್ರವು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಳ್ಳಲಿಲ್ಲ. ಇದು ಆ ಕಾಲದಲ್ಲಿ ಟೀಕೆಗೆ ಒಳಗಾಯಿತು.

ನಂತರದ ಬೆಳವಣಿಗೆಗಳು

ಬಿಡುಗಡೆಯಾದ ಬಳಿಕ ಡೆಲ್ಬರ್ಟ್ ತಮ್ಮ ಜಮೀನಿಗೆ ಮರಳಿದರು. ಅವರು ೧೯೯೮ರಲ್ಲಿ ನಿಧನರಾದರು. ರಾಸ್ಕೋ ಮತ್ತು ಲೈಮನ್ ಇಬ್ಬರೂ ೨೦೦೭ರಲ್ಲಿ ತೀರಿಕೊಂಡರು. ನಿರ್ದೇಶಕರಿಬ್ಬರು ಮುಂದೆ ಆರ್ಕನ್ಸಾ ರಾಜ್ಯದ ವೆಸ್ಟ್ ಮೆಂಫಿಸ್‌ನಲ್ಲಿ ನಡೆದ ಮೂವರು ಬಾಲಕರ ಕೊಲೆ ಪ್ರಕರಣವನ್ನು ಕುರಿತು ೧೯೯೬ರಲ್ಲಿ 'ಪ್ಯಾರಡೈಸ್ ಲಾಸ್ಟ್' ಸಾಕ್ಷ್ಯಚಿತ್ರವನ್ನು ರೂಪಿಸಿದರು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಎಷ್ಟರಮಟ್ಟಿಗೆ ನಂಬಲರ್ಹ ಎಂಬ ಪ್ರಶ್ನೆ ಅಲ್ಲಿಯೂ ಮುಖ್ಯವಾಗಿತ್ತು. ಸಿನೋಫ್‌ಸ್ಕಿ ೨೦೧೫ರಲ್ಲಿ ನಿಧನರಾದರು.