ಚಲನಚಿತ್ರ ತಟ್ಟೆಯಿಂದ ಹಾರ್ಡ್ ಡಿಸ್ಕಿಗೆ



ಕಾರವಾರದಿಂದ ಕಾಳಿ ನದಿಯ ದಂಡೆ ಹಿಡಿದು ಕದ್ರಾದ ಕಡೆಗೆ ಸಾಗಿದರೆ ಮಲ್ಲಾಪುರ ಸಿಗುತ್ತದೆ. ಕೈಗಾ ಅಣುವಿದ್ಯುತ್ ಕೇಂದ್ರದ ನೌಕರರ ವಸತಿ ಕಾಲೊನಿ ಇರುವುದು ಇಲ್ಲಿಯೇ. ಒಂದು ಮಳೆಗಾಲದಲ್ಲಿ ಚಿತ್ರೀಕರಣದ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದಾಗ ಪರಿಚಿತರೊಬ್ಬರು ನನ್ನನ್ನು ಮನೆಗೆ ಕರೆದೊಯ್ದು ಒಂದು ತಗಡಿನ ಪೆಟ್ಟಿಗೆ ತೆರೆದರು. ಒಳಗೆ ನೂರಕ್ಕೂ ಹೆಚ್ಚು ವಿ.ಸಿ.ಡಿ., ಡಿ.ವಿ.ಡಿ.ಗಳು. ಹೆಚ್ಚಿನವು ಕನ್ನಡ ಚಲನಚಿತ್ರಗಳು. ಕರಾವಳಿಯ ತೇವಕ್ಕೆ ಹೊದಿಕೆಯ ಕಾಗದಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲವು ತಟ್ಟೆಗಳ ಮೇಲೆ ಬೂಸ್ಟು ಹಿಡಿದಿತ್ತು. ಆ ರಾಶಿಯಿಂದ ಒಂದನ್ನು ಮಾತ್ರ ಅವರು ಜೋಪಾನವಾಗಿ ಎತ್ತಿ ನನ್ನ ಕೈಗಿತ್ತರು. ಅದರ ಮೇಲೆ ಪೆನ್ನಿನಲ್ಲಿ 'ಸುಗ್ಗಿ, 2006' ಎಂದು ಬರೆದಿತ್ತು. ಅಂಕೋಲಾ ಕಡೆಯ ತಮ್ಮ ಊರಿನ ಸುಗ್ಗಿ ಕುಣಿತವನ್ನು ಅವರೇ ಕೈ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದರು. ಅಂದು ಹಾಡಿ ಕುಣಿದ ಹಿರಿಯರಲ್ಲಿ ಹಲವರು ಈಗಿಲ್ಲ. "ಸಿನೆಮಾ ಮತ್ತೆಲ್ಲಾದ್ರೂ ಸಿಕ್ಕೀತು ಸರ್. ಇದು ಹೋದ್ರೆ ಎಲ್ಲಿಂದ ತರೂದು?" ಎಂದರು.

ಸಿನೆಮಾ ಮತ್ತೆಲ್ಲಾದರೂ ಸಿಗುತ್ತದೆ ಎಂಬ ಮಾತನ್ನೇ ಮೊದಲು ಪರೀಕ್ಷಿಸೋಣ. ಕನ್ನಡದಲ್ಲಿ ಮೊದಲು ಬಿಡುಗಡೆಯಾದ ವಾಕ್ಚಿತ್ರ 'ಸತಿ ಸುಲೋಚನ'. ವೈ.ವಿ. ರಾವ್ ನಿರ್ದೇಶನದ ಈ ಚಿತ್ರ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಚಿತ್ರಗಳನ್ನು ಕಾಪಾಡುವುದಕ್ಕೆಂದೇ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಭಂಡಾರ ಸ್ಥಾಪನೆಯಾದದ್ದು 1964ರಲ್ಲಿ. 2003ರ ಜನವರಿಯಲ್ಲಿ ಪುಣೆಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಹಳೆಯ ನೈಟ್ರೇಟ್ ರೀಲುಗಳ ದೊಡ್ಡ ಸಂಗ್ರಹವೇ ಸುಟ್ಟುಹೋಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರದ ಮೂಲ ನೆಗೆಟಿವ್ ಉಳಿದಿದ್ದರಿಂದಲೇ ಅದನ್ನು ಪುನರುಜ್ಜೀವನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲು ಸಾಧ್ಯವಾಯಿತು.

ಇನ್ನು ತಟ್ಟೆಗಳ ಇತಿಹಾಸಕ್ಕೆ ಬರೋಣ. ಲೇಸರ್ ಕಿರಣದಿಂದ ಓದುವ ಚಲನಚಿತ್ರ ತಟ್ಟೆ ಮಾರುಕಟ್ಟೆಗೆ ಬಂದದ್ದು 1978ರಲ್ಲಿ, ಅಮೆರಿಕದಲ್ಲಿ. ಊಟದ ತಟ್ಟೆಯಷ್ಟು ಅಗಲವಿದ್ದ ಅದರಲ್ಲಿ ಚಿತ್ರವು ಅಂಕಿಗಳ ರೂಪದಲ್ಲಿರಲಿಲ್ಲ. 1982ರಲ್ಲಿ ಸಂಗೀತದ ಸಿ.ಡಿ. ಬಂತು. ಇಲ್ಲಿ ಧ್ವನಿ ಸೊನ್ನೆ ಮತ್ತು ಒಂದುಗಳ ಸಾಲಾಗಿತ್ತು. ಅದೇ ಗಾತ್ರದ ತಟ್ಟೆಯ ಮೇಲೆ ಚಲಿಸುವ ಚಿತ್ರವನ್ನೂ ಕುಗ್ಗಿಸಿ ಬರೆಯುವ ವಿ.ಸಿ.ಡಿ. ಪದ್ಧತಿ ರೂಪುಗೊಂಡದ್ದು 1993ರಲ್ಲಿ. ಒಂದು ವಿ.ಸಿ.ಡಿ.ಯಲ್ಲಿ ಸುಮಾರು 74 ನಿಮಿಷ ಹಿಡಿಸುತ್ತಿತ್ತು. ಎರಡೂವರೆ ಗಂಟೆಯ ನಮ್ಮ ಚಿತ್ರಗಳಿಗೆ ಎರಡು ಮೂರು ತಟ್ಟೆ ಬೇಕಾಗುತ್ತಿತ್ತು. ಕಥೆಯ ನಡುವೆ ಎದ್ದು ತಟ್ಟೆ ಬದಲಿಸಬೇಕಿತ್ತು. 1996ರ ಕೊನೆಯಲ್ಲಿ ಜಪಾನಿನಲ್ಲಿ ಡಿ.ವಿ.ಡಿ. ಮಾರಾಟಕ್ಕೆ ಬಂತು. ಸಿ.ಡಿ.ಯ ಸುರುಳಿ ಸಾಲುಗಳ ನಡುವಿನ ಅಂತರ 1.6 ಮೈಕ್ರೊಮೀಟರ್ ಇದ್ದರೆ ಡಿ.ವಿ.ಡಿ.ಯಲ್ಲಿ ಅದು 0.74 ಮಾತ್ರ. ಸಾಲುಗಳು ಒತ್ತೊತ್ತಾಗಿ ಕೂತದ್ದರಿಂದ ಒಂದೇ ಪದರದಲ್ಲಿ 4.7 ಗಿಗಾಬೈಟ್ ಹಿಡಿಸಿತು. ಎರಡು ಪದರದ ತಟ್ಟೆಯಲ್ಲಿ 8.5.

ಹಾರ್ಡ್ ಡಿಸ್ಕ್ ಇದಕ್ಕಿಂತ ಹಳೆಯದು. 1956ರಲ್ಲಿ ಐ.ಬಿ.ಎಂ. ಸಂಸ್ಥೆ ಹೊರತಂದ ಮೊದಲ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ತಟ್ಟೆಗಳಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು. ಡಿ.ವಿ.ಡಿ. ಗುಣಮಟ್ಟದ ಚಿತ್ರವಾದರೆ ಹತ್ತು ಸೆಕೆಂಡಿನಷ್ಟೂ ಅದರಲ್ಲಿ ಹಿಡಿಸದು. 1990ರ ದಶಕದ ನಡುವಿನಲ್ಲಿ ಮನೆಬಳಕೆಯ ಕಂಪ್ಯೂಟರಿನಲ್ಲಿ ಒಂದು ಗಿಗಾಬೈಟ್ ಇದ್ದರೆ ಅದೇ ದೊಡ್ಡದು. ಇಡೀ ಡಿ.ವಿ.ಡಿ.ಯನ್ನು ಅದರೊಳಗೆ ತುಂಬುವ ಮಾತೇ ಇರಲಿಲ್ಲ. ಇಂದು ಅಂಗೈಯಲ್ಲಿ ಹಿಡಿಯುವ 4 ಟೆರಾಬೈಟಿನ ಡಿಸ್ಕಿನಲ್ಲಿ ಒಂದು ಪದರದ ಎಂಟುನೂರಕ್ಕೂ ಹೆಚ್ಚು ಡಿ.ವಿ.ಡಿ.ಗಳು ಹಿಡಿಸುತ್ತವೆ.

ಜಾಗದ ಜೊತೆಗೆ ಇನ್ನೊಂದು ಅಡ್ಡಿ ಬೀಗದ್ದು. ಚಿತ್ರೋದ್ಯಮವು ಡಿ.ವಿ.ಡಿ.ಯೊಳಗಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಅಡಗಿಸಿತ್ತು. 1999ರಲ್ಲಿ ನಾರ್ವೆಯ ಯಾನ್ ಲೆಕ್ ಯೋಹಾನ್ಸೆನ್ ಎಂಬ 15ರ ಹರೆಯದ ಹುಡುಗ ಇತರರೊಂದಿಗೆ ಸೇರಿ ಆ ಬೀಗ ತೆರೆಯುವ ತಂತ್ರಾಂಶವನ್ನು ಪ್ರಕಟಿಸಿದ. ತಾನು ಕೊಂಡ ಡಿ.ವಿ.ಡಿ.ಯನ್ನು ತನ್ನ ಕಂಪ್ಯೂಟರಿನಲ್ಲಿ ನೋಡುವುದು ತಪ್ಪಲ್ಲ ಎಂಬುದು ಅವನ ವಾದ. ಮೊಕದ್ದಮೆ ನಡೆದು 2003ರಲ್ಲಿ ಮೇಲ್ಮನವಿಯಲ್ಲಿಯೂ ಅವನು ನಿರ್ದೋಷಿಯೆಂದು ತೀರ್ಪಾಯಿತು. ಪ್ಯಾರಿಸಿನ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಯೋಜನೆಯಿಂದ ವಿ.ಎಲ್.ಸಿ. ಎಂಬ ಉಚಿತ ತಂತ್ರಾಂಶ ಬೆಳೆಯಿತು. ಇಂದು ಹಾರ್ಡ್ ಡಿಸ್ಕಿನಲ್ಲಿರುವ ಡಿ.ವಿ.ಡಿ. ಪ್ರತಿಯನ್ನು ಮೂಲ ತಟ್ಟೆಯಂತೆಯೇ ನಡೆಸಬಲ್ಲ ತಂತ್ರಾಂಶ ಅದು. ಆದರೆ ಎಲ್ಲ ದೇಶಗಳ ಕಾನೂನು ಒಂದೇ ಅಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗ ಮುರಿಯುವುದು ಅಪರಾಧ. ಪ್ರತಿ ಮಾಡಿ ಮಾರುವುದು, ಹಂಚುವುದು ಕಳ್ಳತನವೇ ಸರಿ.

ಮನೆಯಲ್ಲಿ ಬರೆದ ತಟ್ಟೆಗೆ ಬೀಗವಿರುವುದಿಲ್ಲ. ಆದರೆ ಅದಕ್ಕೆ ಬೇರೊಂದು ದೌರ್ಬಲ್ಯವಿದೆ. ಕಾರ್ಖಾನೆಯ ಡಿ.ವಿ.ಡಿ.ಯಲ್ಲಿ ಮಾಹಿತಿ ಅಚ್ಚೊತ್ತಿದ ಕುಳಿಗಳಾಗಿರುತ್ತದೆ. ನಾವು ಬರೆಯುವ ತಟ್ಟೆಯಲ್ಲಿರುವುದು ಬಣ್ಣದ ತೆಳು ಪದರ. ಲೇಸರ್ ಆ ಬಣ್ಣವನ್ನು ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಶಾಖ, ತೇವಗಳಿಗೆ ಈ ಬಣ್ಣ ಕೆಡುತ್ತದೆ. ಆದ್ದರಿಂದ ಮೊದಲು ಪ್ರತಿ ಮಾಡಬೇಕಾದದ್ದು ಮನೆಯಲ್ಲಿ ಬರೆದ ತಟ್ಟೆಗಳನ್ನೇ.

ಆ ಸಂಜೆ ಸುಗ್ಗಿಯ ತಟ್ಟೆಯನ್ನು ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ಒರೆಸಿದೆವು. ಸುತ್ತಲೂ ಉಜ್ಜಿದರೆ ಗೀರುಗಳು ಸುರುಳಿ ಸಾಲಿನ ಉದ್ದಕ್ಕೇ ಬೀಳುತ್ತವೆ. ಬಳಿಕ ಇಡೀ ತಟ್ಟೆಯನ್ನು ಒಂದೇ ಕಡತವಾಗಿ ಹಾರ್ಡ್ ಡಿಸ್ಕಿಗೆ ಇಳಿಸಲು ತೊಡಗಿದೆವು. ಹೀಗೆ ಮಾಡಿದರೆ ಚಿತ್ರವನ್ನು ಮತ್ತೆ ಕುಗ್ಗಿಸಬೇಕಿಲ್ಲ. ಇದ್ದದ್ದು ಇದ್ದಂತೆ ಬರುತ್ತದೆ. ಕಂಪ್ಯೂಟರ್ ಓದಲಾರದ ಭಾಗಗಳನ್ನು ಬಿಟ್ಟು ಮುಂದೆ ಹೋಗಿ, ಹಿಂತಿರುಗಿ ಮತ್ತೆ ಪ್ರಯತ್ನಿಸಿತು. ಒಂದು ಡ್ರೈವ್ ಓದದ ಭಾಗವನ್ನು ನೆರೆಮನೆಯಿಂದ ತಂದ ಇನ್ನೊಂದು ಡ್ರೈವ್ ಓದಿತು. ಮಧ್ಯರಾತ್ರಿಯ ಹೊತ್ತಿಗೆ ಕೊನೆಯ ಕೆಲವು ನಿಮಿಷಗಳನ್ನುಳಿದು ಮಿಕ್ಕದ್ದೆಲ್ಲ ದೊರಕಿತು. ಪರದೆಯ ಮೇಲೆ ತುರಾಯಿ ಕಟ್ಟಿದ ಕುಣಿತದವರು ಕಾಣಿಸಿಕೊಂಡಾಗ ಮನೆಯವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು.

ಇಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಹಾರ್ಡ್ ಡಿಸ್ಕಿನಲ್ಲಿ ಓದುವ ಮುಳ್ಳು, ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಒಮ್ಮೆ ಕೈಜಾರಿ ಬಿದ್ದರೆ ಸಾಕು, ನೂರು ತಟ್ಟೆಗಳ ಸಂಗ್ರಹ ಒಂದೇ ಕ್ಷಣದಲ್ಲಿ ಹೋಗಬಹುದು. ಡಿ.ವಿ.ಡಿ.ಯನ್ನು ರೂಪಿಸಿದವರಿಗೂ ಈ ಎಚ್ಚರವಿತ್ತು. ಚಿತ್ರ ಎಲ್ಲಿ ಆರಂಭವಾಗುತ್ತದೆ, ಯಾವ ಭಾಷೆಯ ಧ್ವನಿ ಎಲ್ಲಿದೆ ಎಂದು ತಿಳಿಸುವ ಕಡತಕ್ಕೆ ಅದೇ ತಟ್ಟೆಯಲ್ಲಿ ಎರಡನೆಯ ಪ್ರತಿಯೊಂದನ್ನು ಅವರು ಇಟ್ಟಿದ್ದಾರೆ.

ಯಾವ ವಸ್ತುವೂ ಶಾಶ್ವತವಲ್ಲ. ಉಳಿಸುವುದು ಪ್ರತಿ ಮಾಡುವ ಅಭ್ಯಾಸ. ಇದು ಕನ್ನಡಿಗರಿಗೆ ಹೊಸ ಪಾಠವಲ್ಲ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಬರೆಯಿಸಿ ಹಂಚಿದಳೆಂದು ನಮ್ಮ ಸಾಹಿತ್ಯ ಚರಿತ್ರೆ ಹೇಳುತ್ತದೆ. ಓಲೆಗರಿಗೆ ಗೆದ್ದಲು ಹಿಡಿಯುತ್ತಿತ್ತು; ಆದರೆ ಸಾವಿರ ಮನೆಗಳ ಓಲೆಗೂ ಒಟ್ಟಿಗೇ ಹಿಡಿಯುತ್ತಿರಲಿಲ್ಲ.

ಸುಗ್ಗಿಯ ಕಡತಕ್ಕೆ ಈಗ ಮೂರು ಪ್ರತಿಗಳಿವೆ: ಮಲ್ಲಾಪುರದಲ್ಲಿ ಒಂದು, ಅಂಕೋಲಾ ಕಡೆಯ ಊರಿನ ಮನೆಯಲ್ಲಿ ಒಂದು, ಧಾರವಾಡದಲ್ಲಿ ಓದುತ್ತಿರುವ ಮಗಳ ಬಳಿ ಒಂದು. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ನೋಡುವುದು ಮಗಳ ಪಾಲಿನ ಕೆಲಸ. ನಿಮ್ಮ ಮನೆಯ ಅಟ್ಟದಲ್ಲಿಯೂ ಇಂಥ ಪೆಟ್ಟಿಗೆ ಇದ್ದೀತು. ಈ ರಜೆಯಲ್ಲಿ ಅದನ್ನು ಕೆಳಗಿಳಿಸಿ. ಬೇರೆಲ್ಲಿಯೂ ಸಿಗದ ತಟ್ಟೆ ಯಾವುದೆಂದು ಹಿರಿಯರನ್ನು ಕೇಳಿ, ಅದರಿಂದಲೇ ಆರಂಭಿಸಿ.